ಕಿಟಕಿ ಪಕ್ಕದ ಕುರ್ಚಿ

ಫೆಬ್ರವರಿ 3

ಲೋ ಕತ್ತರಿ,

ನಿನ್ನ ಕಾರ್ಡು ಕೈಸೇರಿತು. ಹೇಳದೆ ಕೇಳದೆ ಮನೆ ಬಿಟ್ಟು ಹೋದವನು ತಿಂಗಳ ಮೇಲೆ ಬರೆದದ್ದು ಎರಡೇ ಸಾಲು. ಕ್ಷೇಮವಾಗಿದ್ದೇನೆ, ಒಂದು ಹೋಟೆಲಿನ ಲಾಂಡ್ರಿಯಲ್ಲಿ ಕೆಲಸ ಸಿಕ್ಕಿದೆ. ಅಷ್ಟೇ. ಉಳಿದ ಜಾಗವೆಲ್ಲ ಖಾಲಿ. ಇನ್ನೇನಾದರೂ ಬರೆದಿದ್ದೀಯೇನೋ ಎಂದು ನಿನ್ನ ಅತ್ತಿಗೆ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು, ಆಮೇಲೆ ಅಡುಗೆಮನೆಗೆ ಹೋಗಿ ಅತ್ತಳು. ನಾನು ಅಳಲಿಲ್ಲ. ನನಗೆ ಬಂದದ್ದು ಸಿಟ್ಟು.

ಬೈಯುವುದು ಬಹಳ ಇದೆ, ಕಾಗದ ಸಾಲದು. ಮೊದಲು ಅಂಗಡಿಯ ಸುದ್ದಿ ಕೇಳು. ಅಪ್ಪ ಹಾಕಿಸಿದ ಎರಡು ಕುರ್ಚಿಗಳಲ್ಲಿ ಈಗ ಒಂದೇ ನಡೆಯುತ್ತಿದೆ. ಕಿಟಕಿ ಪಕ್ಕದ ನಿನ್ನ ಕುರ್ಚಿಗೆ ಧೂಳು ಕೂರದಿರಲಿ ಎಂದು ಬಿಳಿ ಬಟ್ಟೆ ಹೊದಿಸಿದ್ದೇನೆ. ಮೀಸೆ ಮಾವ ದಿನಾ ಬಂದು ಬೆಂಚಿನಲ್ಲಿ ಠಿಕಾಣಿ ಹೂಡುತ್ತಾರೆ. ಬಸ್ಸು ಓಡಿಸುವುದರಿಂದ ನಿವೃತ್ತಿಯಾದ ಮೇಲೆ ಅವರಿಗೆ ನಮ್ಮ ಅಂಗಡಿಯೇ ಡಿಪೋ. "ಎಲ್ಲಪ್ಪಾ ನಿನ್ನ ತಮ್ಮ? ನನ್ನ ಮೀಸೆ ನೋಡು, ಪೊರಕೆ ಆಗ್ಹೋಗಿದೆ" ಅನ್ನುತ್ತಾರೆ. ನಾನು ಕತ್ತರಿ ಹಿಡಿದು ಹತ್ತಿರ ಹೋದರೆ ಬೇಡವೇ ಬೇಡ ಅನ್ನುತ್ತಾರೆ. ಆ ಮೀಸೆಗೆ ನಿನ್ನ ಕೈಯೇ ಬೇಕಂತೆ.

ನೀನು ಹೊಸ ಸ್ಟೈಲು ಕಲಿಯಲು ದೊಡ್ಡ ಊರಿಗೆ ಹೋಗಿದ್ದೀಯ ಎಂದು ಎಲ್ಲರಿಗೂ ಹೇಳಿದ್ದೇನೆ. ಬೇರೇನು ಹೇಳಲಿ? ನೀನು ಯಾಕೆ ಹೋದೆ ಎಂದು ನನಗೆ ಗೊತ್ತು. ನೀನು ಆಸ್ಪತ್ರೆಯಿಂದ ಬಂದ ಮೇಲೆ ಜನ ನಿನ್ನ ಕುರ್ಚಿ ಖಾಲಿಯಿದ್ದರೂ ನನ್ನದಕ್ಕೇ ಕಾಯುತ್ತಿದ್ದರು. ಕೆಲವರು "ಕೂದಲು ಕತ್ತರಿಸಿದ್ರೆ ಸಾಕು, ಶೇವಿಂಗ್ ಬೇಡ" ಅನ್ನುತ್ತಿದ್ದರು. ಅದು ನಿನಗೆ ಚುಚ್ಚಿತು. ನನಗೂ ಚುಚ್ಚಿತು ಕಣೋ. ಆದರೆ ಜನ ಅಂದರೆ ಹಾಗೇ, ಇನ್ನೊಂದು ಸುದ್ದಿ ಸಿಕ್ಕಿದರೆ ನಿನ್ನದನ್ನು ಮರೆಯುತ್ತಾರೆ. ವಾಪಸು ಬಾ. ಮಾತ್ರೆ ತಪ್ಪಿಸಬೇಡ.

ನಿನ್ನ ಅಣ್ಣ


ಫೆಬ್ರವರಿ 20

ಅಣ್ಣಾ,

ಬೈದು ಬರೆದೆಯಲ್ಲ, ಜೀವಕ್ಕೆ ಸಮಾಧಾನವಾಯಿತು. ನಯವಾಗಿ ಬರೆದಿದ್ದರೆ ಹೆದರುತ್ತಿದ್ದೆ.

ನಾನಿರುವುದು ಹೋಟೆಲಿನ ನೆಲಮಾಳಿಗೆಯಲ್ಲಿ. ಮೇಲಿನ ಕೋಣೆಗಳ ಹಾಸಿಗೆ ಬಟ್ಟೆ, ಟವೆಲು ಎಲ್ಲ ಒಂದು ಕೊಳವೆಯೊಳಗಿಂದ ದಬದಬ ಬಂದು ಬೀಳುತ್ತವೆ. ಒಗೆದು, ಇಸ್ತ್ರಿ ಮಾಡುವ ಹಬೆಯ ರೋಲರಿಗೆ ಕೊಟ್ಟು, ಮಡಚಿ ಮೇಲಕ್ಕೆ ಕಳಿಸಬೇಕು. ದೊಡ್ಡ ಬಟ್ಟೆ ಮಡಚಲು ಇಬ್ಬರು ಬೇಕು. ನನ್ನ ಜೊತೆಗೆ ಹೊಲಿಗೆ ಅಕ್ಕ ಇರುತ್ತಾರೆ. ಹರಿದದ್ದನ್ನು ಹೊಲಿಯುವುದು ಅವರ ಕೆಲಸ, ಬಿಡುವಾದಾಗ ಮಡಚಲು ಬರುತ್ತಾರೆ. ತುದಿ ಹಿಡಿದು ಇಬ್ಬರೂ ಎದುರು ಬದುರು ನಡೆದು ಬರುತ್ತೇವೆ, ಮತ್ತೆ ದೂರ ಹೋಗುತ್ತೇವೆ. ಮಾತು ಕಡಿಮೆ. ನನಗೆ ಅದೇ ಹಿತ.

ಮಾತ್ರೆ ತಪ್ಪಿಸುತ್ತಿಲ್ಲ. ಅದರಿಂದಲೇ ಕೈ ನಡುಗುವುದು ಎಂದು ನಿನಗೆ ಗೊತ್ತು. ಮೊನ್ನೆ ಚಹಾ ಲೋಟ ಹಿಡಿದಾಗ ಅಂಗಿಯ ಮೇಲೆ ಚೆಲ್ಲಿತು. ಇಲ್ಲಿಯ ಮೇಸ್ತ್ರಿ ಹತ್ತಿರ ಬಂದು ನನ್ನ ಬಾಯಿ ಮೂಸಿದ.

"ಬೆಳಗ್ಗೆ ಬೆಳಗ್ಗೆನೇ ಹಾಕ್ಕೊಂಡು ಬಂದಿದ್ದೀಯಾ?"

"ಇಲ್ಲ ಸಾರ್, ಮಾತ್ರೆ ತಗೋತೀನಿ, ಅದಕ್ಕೆ."

"ನಿನಗೆಂಥ ಮಾತ್ರೆ? ಗೂಳಿ ಇದ್ದಂಗಿದ್ದೀಯ. ಕೆಲಸ ಕದಿಯೋರ್ನ ನಾನು ಬಹಳ ನೋಡಿದ್ದೀನಿ."

ನಕ್ಕು ಮತ್ತೆ ಬಟ್ಟೆ ಮಡಚತೊಡಗಿದೆ. ಅಲ್ಲಿ ಗೊತ್ತಿದ್ದವರು ಹೆದರುತ್ತಾರೆ, ಇಲ್ಲಿ ಗೊತ್ತಿಲ್ಲದವರು ನಂಬುವುದಿಲ್ಲ. ಕಾಲು ಮುರಿದವನಿಗೆ ಕಟ್ಟು ಹಾಕಿರುತ್ತಾರೆ, ತೋರಿಸಬಹುದು. ನಾನು ಏನು ತೋರಿಸಲಿ?

ಆದರೆ ಒಂದು ಮಾತು ಸರಿಮಾಡುತ್ತೇನೆ. ನಾನು ಊರು ಬಿಟ್ಟಿದ್ದು ಜನರಿಂದಲ್ಲ. ಜನ ಎಷ್ಟು ದಿನ ಬೆಂಚಿನಲ್ಲಿ ಕಾದರೂ ನಾನು ಖಾಲಿ ಕುರ್ಚಿಯ ಪಕ್ಕ ನಿಂತಿರುತ್ತಿದ್ದೆ. ಅಪ್ಪ ನಮಗೊಂದು ಕಟ್ಟುನಿಟ್ಟು ಮಾಡಿದ್ದರಲ್ಲ, ವಾರಕ್ಕೊಮ್ಮೆ ಅಂಗಡಿ ತೆಗೆಯುವ ಮುಂಚೆ ನಾವಿಬ್ಬರೂ ಒಬ್ಬರಿಗೊಬ್ಬರು ಗಡ್ಡ ಮಾಡಬೇಕೆಂದು. "ಗಿರಾಕಿ ಕೂತಾಗ ಅವನಿಗೆ ಏನನ್ಸುತ್ತೆ ಅಂತ ನಿಮಗೂ ಗೊತ್ತಿರ್ಬೇಕು ಕಣ್ರೋ" ಅನ್ನುತ್ತಿದ್ದರು. ನನ್ನ ಆಸ್ಪತ್ರೆಯ ತಿಂಗಳುಗಳು ಬಿಟ್ಟರೆ ಒಂದು ವಾರವೂ ನಾವು ತಪ್ಪಿಸಿರಲಿಲ್ಲ. ಆ ಕಡೆಯ ಬೆಳಿಗ್ಗೆ ನೆನಪಿದೆಯಾ? ನೀನು ನನ್ನ ಕುರ್ಚಿಯಲ್ಲಿ ಕೂತಿದ್ದೆ. ಕತ್ತಿ ನಿನ್ನ ಕಿವಿಯ ಕೆಳಗೆ ಬಂದಾಗ ನೀನು ಕತ್ತನ್ನು ಹಿಂದಕ್ಕೆ ಎಳೆದುಕೊಂಡೆ. ನನ್ನ ಕೈಯನ್ನು ಹಿಡಿದುಬಿಟ್ಟೆ. ಆಮೇಲೆ "ಸಾಕು ಬಿಡು, ಹೊತ್ತಾಯ್ತು" ಎಂದು ಅರ್ಧ ಗಡ್ಡದಲ್ಲೇ ಎದ್ದೆ.

ಊರೆಲ್ಲ ಹೆದರಲಿ ಅಣ್ಣ. ನೀನು ಹೆದರಿದರೆ ನಾನು ಎಲ್ಲಿ ನಿಲ್ಲಲಿ?

ಇಲ್ಲಿ ಸೋಪಿನ ವಾಸನೆ ಬೇಕಾದಷ್ಟಿದೆ, ಆದರೆ ನಮ್ಮ ಅಂಗಡಿಯ ಸೋಪಿನ ವಾಸನೆ ಇಲ್ಲ. ಮನೆ ನೆನಪಾಗುತ್ತದೆ. ಬಹಳ ನೆನಪಾಗುತ್ತದೆ. ಅತ್ತಿಗೆಗೆ ನಮಸ್ಕಾರ.

ನಿನ್ನ ತಮ್ಮ


ಮಾರ್ಚ್ 14

ಲೋ ಪೆದ್ದ,

ನನಗೆ ಅವತ್ತು ಕೆಮ್ಮು ಬಂದಿತ್ತು. ಕೆಮ್ಮು! ಗಂಟಲಿನಲ್ಲಿ ಏನೋ ಸಿಕ್ಕಿಹಾಕಿಕೊಂಡಿತ್ತು. ಕತ್ತಿ ಗಂಟಲ ಹತ್ತಿರ ಇರುವಾಗ ಕೆಮ್ಮಿದರೆ ಏನಾಗುತ್ತದೆ ಎಂದು ನಿನಗೆ ನಾನು ಹೇಳಿಕೊಡಬೇಕೇ? ಅದಕ್ಕೇ ನಿನ್ನ ಕೈ ಹಿಡಿದೆ. ಇಷ್ಟಕ್ಕೆ ಗಂಟುಮೂಟೆ ಕಟ್ಟಿಕೊಂಡು ಹೋಗಿಬಿಟ್ಟೆಯಲ್ಲೋ! ಚಿಕ್ಕಂದಿನಲ್ಲಿ ನೀನು ಸಿಕ್ಕಿದ್ದನ್ನೆಲ್ಲ ಕತ್ತರಿಸುತ್ತಿದ್ದೆ ಎಂದು ಕತ್ತರಿ ಎಂದು ಹೆಸರಿಟ್ಟೆವು. ಈಗ ನೋಡಿದರೆ ನಮ್ಮನ್ನೇ ಕತ್ತರಿಸಿಕೊಂಡು ಹೋದೆ.

ನೀನು ಹೋದ ಮೇಲೆ ನಾನು ಗಡ್ಡ ತೆಗೆದಿಲ್ಲ. ನನ್ನ ಗಡ್ಡ ನಾನೇ ಕೆರೆದುಕೊಂಡು ಅಭ್ಯಾಸವಿಲ್ಲ, ಎದುರು ಅಂಗಡಿಯವನ ಮುಂದೆ ಹೋಗಿ ಕೂತರೆ ಅಪ್ಪನ ಮರ್ಯಾದೆ ಏನಾಗಬೇಕು? "ಕ್ಷೌರದಂಗಡಿ ಯಜಮಾನನೇ ಸನ್ಯಾಸಿ ಆದ್ರೆ ನಮ್ಮ ಗತಿ ಏನು?" ಎಂದು ಜನ ನಗುತ್ತಾರೆ. ನಗಲಿ. ಕನ್ನಡಕದ ಅಂಗಡಿಯವರು ನೀನು ಬಂದ ಮೇಲೆ ತಮಗೊಂದು ಹೊಸ ಸ್ಟೈಲು ಮಾಡಬೇಕಂತೆ, ಏನು ಕಲಿಯುತ್ತಿದ್ದಾನೆ ಎಂದು ದಿನಾ ಕೇಳುತ್ತಾರೆ. ಬಾಯಿಗೆ ಬಂದದ್ದು ಹೇಳುತ್ತಿದ್ದೇನೆ.

ಕೆಮ್ಮು ಎಂದರೆ ನಂಬು. ಬೇಗ ಬಾ.

ನಿನ್ನ ಅಣ್ಣ

ಮೈದುನನಿಗೆ ಅತ್ತಿಗೆಯ ಎರಡು ಮಾತು. ನಿಮ್ಮಣ್ಣ ಲಕೋಟೆ ಅಂಟಿಸಲು ನನ್ನ ಕೈಗೆ ಕೊಟ್ಟಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ. ಅವರಿಗೆ ಆ ವಾರ ಕೆಮ್ಮು ಇರಲಿಲ್ಲ. ಮನೆಯಲ್ಲಿ ಯಾರಿಗೂ ಇರಲಿಲ್ಲ. ಆದರೆ ಇನ್ನೊಂದು ವಿಷಯವೂ ನಿಮಗೆ ಗೊತ್ತಿರಲಿ. ದಿನಾ ಬೆಳಿಗ್ಗೆ ಅಂಗಡಿ ತೆಗೆದ ಕೂಡಲೇ ಮೊದಲು ನಿಮ್ಮ ಕತ್ತಿಯನ್ನು ಚರ್ಮದ ಪಟ್ಟಿಯ ಮೇಲೆ ಮಸೆಯುತ್ತಾರೆ, ಆಮೇಲೆ ತಮ್ಮದು. ನಿಮ್ಮದನ್ನು ಒರೆಸಿ ಮತ್ತೆ ಡ್ರಾಯರಿನಲ್ಲಿಡುತ್ತಾರೆ. ಪಕ್ಕದ ಮನೆಯಾಕೆ ಮೊನ್ನೆ "ಮನೇಲಿ ಹೆಣ್ಣು ಮಗು ಇದೆ, ಅವನು ಬಂದ್ರೆ ಹುಷಾರು ಕಣ್ರೀ" ಎಂದಳು. ಅವಳ ಜೊತೆ ಮಾತು ಬಿಟ್ಟಿದ್ದೇನೆ. ನಮ್ಮ ಮಗಳು ಚಿಕ್ಕಪ್ಪ ಬರುವವರೆಗೆ ಕೂದಲು ಕತ್ತರಿಸಿಕೊಳ್ಳುವುದಿಲ್ಲ ಎಂದು ಕೂತಿದ್ದಾಳೆ. ಕಣ್ಣಿಗೆ ಬೀಳುತ್ತಿದೆ, ಕ್ಲಿಪ್ಪು ಹಾಕಿ ಸ್ಕೂಲಿಗೆ ಕಳಿಸುತ್ತೇನೆ.


ಏಪ್ರಿಲ್ 22

ಅಣ್ಣಾ,

ಉತ್ತರ ತಡವಾಯಿತು. ಬರೆಯಲು ಕೂತಾಗಲೆಲ್ಲ ಸಿಟ್ಟು ಬರುತ್ತಿತ್ತು, ಸಿಟ್ಟಿನಲ್ಲಿ ನಿನಗೆ ಬರೆಯಬಾರದೆಂದು ಸುಮ್ಮನಿದ್ದೆ.

ಮೇಸ್ತ್ರಿ ಮತ್ತೆ ಬಾಯಿ ಮೂಸಲು ಬಂದ. ಈ ಸಲ ಎಲ್ಲರ ಮುಂದೆ. ನನಗೆ ತಡೆಯಲಾಗಲಿಲ್ಲ. ನಿಜ ಹೇಳಿಬಿಟ್ಟೆ. ನನಗೆ ಮನಸ್ಸಿನ ಕಾಯಿಲೆ ಬಂದಿತ್ತು, ನಿದ್ದೆ ಬಿಟ್ಟು, ಗೋಡೆಯಾಚೆ ಯಾರೋ ನನ್ನ ಬಗ್ಗೆ ಮಾತಾಡುತ್ತಿದ್ದಾರೆ ಎಂದು ನಡುಬೀದಿಯಲ್ಲಿ ನಿಂತು ಕೂಗಿದ್ದೆ, ಆಸ್ಪತ್ರೆಯಲ್ಲಿದ್ದೆ, ಈಗ ಮಾತ್ರೆಯಿಂದ ಸರಿಯಿದ್ದೇನೆ ಎಂದೆ. ಅವನು ನಕ್ಕ. "ನಿನಗಾ? ನಗ್ತೀಯ, ಜೋಕ್ ಮಾಡ್ತೀಯ, ಗಡದ್ದಾಗಿ ಉಣ್ತೀಯ. ನನಗೂ ಟೆನ್ಶನ್ ಇದೆಯಪ್ಪಾ, ನಾನೇನು ಮಾತ್ರೆ ನುಂಗ್ತೀನಾ?" ಸುತ್ತ ನಿಂತವರೂ ನಕ್ಕರು.

ಒಂದು ವಾರ ಕಳೆಯಲಿಲ್ಲ. ಯಾರು ಯಾರಿಗೆ ಏನು ಹೇಳಿದರೋ, ರೋಲರಿನ ಹತ್ತಿರ ನಾನು ಹೋದರೆ ಪಕ್ಕದವರು ಸರಿದು ನಿಲ್ಲತೊಡಗಿದರು. ಊಟದ ಮೇಜಿನಲ್ಲಿ ನನ್ನ ಅಕ್ಕಪಕ್ಕದ ಸ್ಟೂಲು ಖಾಲಿ. ಹೊಲಿಗೆ ಕೋಣೆಯ ಕತ್ತರಿಗಳನ್ನೆಲ್ಲ ಮೇಸ್ತ್ರಿ ಬೀರುವಿನಲ್ಲಿಟ್ಟು ಬೀಗ ಹಾಕಿದ. ಹೊಲಿಗೆ ಅಕ್ಕ ಹಲ್ಲಿನಲ್ಲಿ ದಾರ ಕಡಿಯುತ್ತಾ ಬೈಯುತ್ತಿದ್ದರು, ನನ್ನನ್ನಲ್ಲ, ಅವನನ್ನು. ನಂಬದೇ ಇದ್ದವರು ಒಂದೇ ವಾರದಲ್ಲಿ ಹೆದರುವವರಾದರು. ನಡುವೆ ಒಂದು ದಿನವಾದರೂ ಸುಮ್ಮನೆ ನಂಬಿದ್ದರೆ ಆಗುತ್ತಿರಲಿಲ್ಲವೇ?

ಈಗ ನಿನ್ನ ಮಾತಿಗೆ ಬರುತ್ತೇನೆ. ನನಗೆ ಕಾಯಿಲೆ ಬಂದಾಗ ಜ್ವರ ತಲೆಗೇರಿದೆ ಎಂದು ನೀನು ಊರಿಗೆ ಹೇಳಿದೆ. ಈಗ ಸ್ಟೈಲು ಕಲಿಯುತ್ತಿದ್ದಾನೆ ಅನ್ನುತ್ತೀಯ. ನನ್ನನ್ನು ಕಾಪಾಡಲು ಎಂದು ಗೊತ್ತು. ಆದರೆ ಅಣ್ಣ, ನೀನು ನನ್ನನ್ನು ಬಟ್ಟೆ ಮುಚ್ಚಿ ಇಟ್ಟರೆ ಜನ ಒಳಗೆ ಏನೋ ಭಯಂಕರವಾದದ್ದು ಇದೆ ಎಂದೇ ತಿಳಿಯುತ್ತಾರೆ. ನನ್ನ ಕಾಯಿಲೆಯ ಹೆಸರನ್ನು ನೀನು ಒಮ್ಮೆಯೂ ಬಾಯಿಬಿಟ್ಟು ಹೇಳಿಲ್ಲ, ನನ್ನ ಮುಂದೆ ಕೂಡ.

ಕೆಮ್ಮಿನ ವಿಷಯ ನಾನು ಏನೂ ಬರೆಯುವುದಿಲ್ಲ. ಅತ್ತಿಗೆ ಬರೆದಿದ್ದಾರೆ.

ಬಾ ಎಂದು ಕರೆಯಬೇಡ. ನೀನು ಕರೆದಾಗಲೆಲ್ಲ ನನಗೆ ಬಸ್ ನಿಲ್ದಾಣಕ್ಕೆ ಹೋಗುವಂತಾಗುತ್ತದೆ. ರಜೆಯ ದಿನ ಹೋಗಿಯೂ ಹೋದೆ. ನಮ್ಮ ಕಡೆಯ ಬಸ್ಸು ಬಂದು, ಜನ ಹತ್ತಿ, ಹೊರಡುವವರೆಗೆ ನಿಂತಿದ್ದು ವಾಪಸು ಬಂದೆ. ಆ ಕುರ್ಚಿಯ ಪಕ್ಕ ನಿಂತು ನಿನ್ನ ಮುಖ ನೋಡುವ ಧೈರ್ಯ ನನಗಿಲ್ಲ.

ಡಾಕ್ಟರು ಮಾತ್ರೆ ಬದಲಾಯಿಸಿದ್ದಾರೆ. ನಡುಕ ಕಡಿಮೆಯಾಗಿದೆ, ಪೂರ್ತಿ ಹೋಗಿಲ್ಲ. ಮಗಳಿಗೆ ಹೇಳು, ಕಣ್ಣಿಗೆ ಬೀಳುವ ಕೂದಲನ್ನು ಅಪ್ಪನ ಕೈಲಿ ಕತ್ತರಿಸಿಕೊಳ್ಳಲಿ.

ತಮ್ಮ


ಮೇ 11

ಮೈದುನನಿಗೆ,

ಗಡಿಬಿಡಿಯಲ್ಲಿ ಬರೆಯುತ್ತಿದ್ದೇನೆ, ಅಕ್ಷರ ನೋಡಿ ನಗಬೇಡಿ. ನಿಮ್ಮ ಕಾಗದ ಬಂದ ದಿನದಿಂದ ನಿಮ್ಮಣ್ಣ ಸರಿಯಾಗಿ ಊಟ ಮಾಡಿಲ್ಲ, ಸರಿಯಾಗಿ ಬೈದೂ ಇಲ್ಲ. ಬೈಯದಿದ್ದರೆ ನನಗೆ ಹೆದರಿಕೆ. ಇವತ್ತು ಬೆಳಿಗ್ಗೆ ಎದ್ದು ನೋಡಿದರೆ ಅಂಗಡಿಗೆ ಬೀಗ. ಮದುವೆಯಾಗಿ ಬಂದಾಗಿನಿಂದ ನಾನು ಹೀಗೆ ನೋಡಿದ್ದಿಲ್ಲ, ಮಗಳಿಗೆ ಜ್ವರ ಬಂದಾಗಲೂ ಅರ್ಧ ದಿನ ತೆಗೆದಿದ್ದರು. "ಕುರ್ಚಿಗೆ ಹೊಸ ರೆಗ್ಸಿನ್ ತರ್ಬೇಕು, ಬರೋದು ಎರಡು ದಿನ ಆಗುತ್ತೆ" ಎಂದು ಚೀಲ ಹಿಡಿದು ಹೊರಟರು. ರೆಗ್ಸಿನ್ ನಮ್ಮ ಬೀದಿಯ ಮೂಲೆಯಲ್ಲೇ ಸಿಗುತ್ತದೆ.

ಅವರು ಹೋದ ಮೇಲೆ ಅಂಗಡಿಗೆ ಹೋಗಿ ನಿಮ್ಮ ಡ್ರಾಯರು ತೆಗೆದು ನೋಡಿದೆ. ನಿಮ್ಮ ಕತ್ತಿ ಇಲ್ಲ. ಬ್ರಶ್ಶೂ ಇಲ್ಲ.

ಈ ಕಾಗದಕ್ಕಿಂತ ಮುಂಚೆ ಅವರೇ ನಿಮ್ಮ ಮುಂದೆ ನಿಂತಿದ್ದರೂ ಇರಬಹುದು. ಮೊದಲು ಏನಾದರೂ ತಿನ್ನಿಸಿ, ಆಮೇಲೆ ಜಗಳವಾಡಿ. ಅವರಿಗೆ ಮಾತು ಬರುವುದಿಲ್ಲ, ಅದು ನಿಮಗೂ ಗೊತ್ತು. ಮಾತು ಬರದಿದ್ದಕ್ಕೇ ಇಷ್ಟು ಬಾಯಿ ಮಾಡುತ್ತಾರೆ.

ನಿಮ್ಮ ಅತ್ತಿಗೆ


ಮೇ 30

ಲೋ ಕತ್ತರಿ,

ಕ್ಷೇಮವಾಗಿ ಮನೆ ಮುಟ್ಟಿದೆ, ಬರೆಯುವುದು ತಡವಾಯಿತು. ರೆಗ್ಸಿನ್ ಎಲ್ಲಿ ಎಂದು ನಿನ್ನ ಅತ್ತಿಗೆ ಬಾಗಿಲಲ್ಲೇ ಕೇಳಿದಳು. ನನ್ನ ಮುಖ ನೋಡಿ ಊಟಕ್ಕೆ ತಟ್ಟೆ ಹಾಕಿದಳು. ಆಮೇಲೆ ಅಲ್ಲಿ ನಡೆದದ್ದನ್ನೆಲ್ಲ ಅವಳಿಗೂ ಮಗಳಿಗೂ ಹೇಳಿ ಹೇಳಿ ನನಗೆ ಬಾಯಿಪಾಠವಾಗಿದೆ. ನಿನಗೆ ಗೊತ್ತಿರುವುದನ್ನೇ ಮತ್ತೆ ಬರೆಯುತ್ತೇನೆ. ಓದು. ಹೇಳುವುದರಲ್ಲಿ ನನಗೊಂದು ಖುಷಿ.

ಲಾಂಡ್ರಿಯ ಹಿಂದಿನ ಅಂಗಳದಲ್ಲಿ ನೀನು ಬಟ್ಟೆಯ ಗಾಡಿ ತಳ್ಳಿಕೊಂಡು ಬರುತ್ತಿದ್ದೆ. ನನ್ನ ಗಡ್ಡ ನೋಡಿ ಗುರುತು ಹತ್ತದೆ "ಯಾರು ಬೇಕಿತ್ತು?" ಎಂದೆ. ನಾನು ಅಲ್ಲಿದ್ದ ಬಕೆಟ್ಟೊಂದನ್ನು ಬೋರಲು ಹಾಕಿ ಕೂತು, ಚೀಲದಿಂದ ನಿನ್ನ ಕತ್ತಿ ತೆಗೆದು ಕೊಟ್ಟೆ. ನೀನು "ಬೇಡ ಅಣ್ಣ, ಇಲ್ಲಿ ಬೇಡ, ಎಲ್ರೂ ನೋಡ್ತಿದ್ದಾರೆ" ಎಂದೆ. ನೋಡಲಿ ಎಂದೇ ಅಲ್ಲವೇ ನಾನು ಬಂದದ್ದು? ಹೊಲಿಗೆ ಅಕ್ಕ ಹೊಸದಾಗಿ ಮಡಚಿದ ಟವೆಲು ತಂದು ನನ್ನ ಕುತ್ತಿಗೆಗೆ ಸುತ್ತಿದರು. ಅವರಿಗೆ ನನ್ನ ನಮಸ್ಕಾರ ತಿಳಿಸು. ಮೇಸ್ತ್ರಿ ಬಾಗಿಲಲ್ಲಿ ನಿಂತು "ಏಯ್, ಕತ್ತಿ ಕೆಳಗಿಡೋ!" ಎಂದು ಕೂಗಿದ. ನಾನು "ಗಿರಾಕಿ ನಾನು, ನಿಮಗೇನು ಕಷ್ಟ?" ಎಂದೆ.

ಗಡ್ಡವೋ ಕಾಡು. ನಾನು ತಂದಿದ್ದ ಕತ್ತರಿಯಿಂದ ನೀನು ಮೊದಲು ಇಳಿಸಿ, ಆಮೇಲೆ ನೊರೆ ಹಾಕಿದೆ. ಎಡಗೆನ್ನೆ ಚೆನ್ನಾಗಿ ಆಯಿತು. ಬಲಗಡೆ ಬರುವಾಗ ನಿನ್ನ ಕೈ ನಡುಗಿತು. ನೀನು ಕತ್ತಿ ಮೇಲೆತ್ತಿ, ಉಸಿರು ಬಿಟ್ಟು, ಕಾದೆ. ನಾನೂ ಕಾದೆ. ನೀನು ಮತ್ತೆ ಶುರುಮಾಡಿದೆ. ದವಡೆಯ ಮೂಳೆಯ ಮೇಲೆ ಒಂದು ಗೀರು ಬಿತ್ತು, ನಿನ್ನ ಮುಖ ಬಿಳಿಚಿಕೊಂಡಿತು. ಗೀರು ಬೀಳಿಸದ ಕ್ಷೌರಿಕ ಯಾರಿದ್ದಾನೋ? ಕನ್ನಡಕದ ಅಂಗಡಿಯವರ ಮೋರೆಯ ಮೇಲೆ ನಾನು ಎಷ್ಟು ಗೀರು ಎಳೆದಿಲ್ಲ? ನೀನು ಕಿವಿಯ ಕೆಳಗೆ ಬಂದೆ, ಮುಗಿಸಿದೆ. ನಾನು ಅಲ್ಲಾಡಲಿಲ್ಲ. ನೋಡಿದೆಯಲ್ಲ, ಒಂಚೂರೂ ಅಲ್ಲಾಡಲಿಲ್ಲ.

ಈಗ ನಿನಗೆ ಗೊತ್ತಿಲ್ಲದ್ದು ಕೇಳು. ನಾನು ಬಂದು ಮತ್ತೆ ಅಂಗಡಿ ತೆಗೆದ ದಿನ ಕನ್ನಡಕದವರೇ ಮೊದಲ ಗಿರಾಕಿ. ಕನ್ನಡಿಯಲ್ಲಿ ನನ್ನ ಗೀರು ನೋಡಿದರು.

"ಏನ್ರೀ ಇದು, ಎದುರು ಅಂಗಡೀಗೆ ಹೋಗಿದ್ರಾ?"

"ಇಲ್ಲ. ನನ್ನ ತಮ್ಮ ಮಾಡಿದ್ದು."

"ಹೊಸ ಸ್ಟೈಲಾ?"

"ಸ್ಟೈಲು ಗೀಲು ಏನೂ ಇಲ್ಲ, ಅದು ನಾನು ಹೇಳಿದ ಸುಳ್ಳು. ಅವನಿಗೆ ಮನಸ್ಸಿನ ಕಾಯಿಲೆ. ಹೋದ ವರ್ಷ ಬಂದಿದ್ದು ಜ್ವರ ಅಲ್ಲ, ಅದೇ. ಮಾತ್ರೆ ತಗೋತಾನೆ, ಮುಂದಕ್ಕೂ ತಗೋತಾನೆ. ಈಗ ಲಾಂಡ್ರೀಲಿ ಕೆಲಸ ಮಾಡ್ತಿದ್ದಾನೆ."

"ಅಂಥವನ ಕೈಗೆ ಕತ್ತಿ ಕೊಟ್ರಾ?" ಎಂದರು ಕನ್ನಡಕದವರು. "ಕೊಟ್ಟೆ, ನಾನೇ ಕೂತು ಬಂದೆ, ನೋಡಿ" ಎಂದೆ. ಅವರು ದುಡ್ಡು ಕೊಟ್ಟು ಹೋದರು. ಆಮೇಲಿನಿಂದ ಎದುರು ಅಂಗಡಿಯಲ್ಲಿ ಕಾಣುತ್ತಾರೆ. ಅಲ್ಲಿನವನು ಅವರ ಕಿವಿಯ ಹಿಂದಿನ ಕೂದಲನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿದಿದ್ದಾನೆ, ನನಗೆ ಅಷ್ಟೇ ಸಂತೋಷ. ಇನ್ನೂ ಕೆಲವರು ಬರುತ್ತಿಲ್ಲ. ಮೀಸೆ ಮಾವ ಮೀಸೆ ಸವರಿಕೊಂಡು "ನನ್ನ ಮೀಸೆ ಅವನ ಕೈಗೆ ಬಿಡ್ತೀನಪ್ಪಾ. ಕತ್ತು ಮಾತ್ರ ಸದ್ಯಕ್ಕೆ ಬೇಡ" ಎಂದರು. ಮೀಸೆಯಿಂದ ಶುರುಮಾಡೋಣ ಕತ್ತರಿ. ಕತ್ತಿನವರೆಗೆ ನಿಧಾನವಾಗಿ ಇಳಿಯೋಣ.

ಬಾ ಎಂದು ಕರೆಯಬೇಡ ಎಂದಿದ್ದೀಯ, ಕರೆಯುವುದಿಲ್ಲ. ಗಡ್ಡ ಮತ್ತೆ ಬರುತ್ತಿದೆ, ಅಷ್ಟು ಹೇಳುತ್ತೇನೆ. ನಾನು ಅಲ್ಲಾಡಲಿಲ್ಲ, ಅದನ್ನು ಮರೆಯಬೇಡ.

ನಿನ್ನ ಅಣ್ಣ


ಜೂನ್ 9

ಅಣ್ಣಾ,

ನಿನ್ನ ಕಾಗದವನ್ನು ಹೊಲಿಗೆ ಅಕ್ಕನಿಗೆ ಓದಿ ಹೇಳಿದೆ. ಮೀಸೆ ಮಾವನ ಮಾತು ಬಂದಾಗ ಅವರು ನಕ್ಕ ರಭಸಕ್ಕೆ ಸೂಜಿ ಬೆರಳಿಗೆ ಚುಚ್ಚಿತು. ಇಲ್ಲಿ ದೊಡ್ಡ ಬದಲಾವಣೆ ಏನಿಲ್ಲ. ಕತ್ತರಿಗಳು ಇನ್ನೂ ಬೀರುವಿನಲ್ಲೇ ಇವೆ. ಆದರೆ ಊಟದ ಮೇಜಿನಲ್ಲಿ ರೋಲರಿನವನು ಬಂದು ನನ್ನ ಪಕ್ಕ ಕೂತ. "ಅವರು ನಿನ್ನ ಸ್ವಂತ ಅಣ್ಣಾನಾ?" ಎಂದು ಕೇಳಿದ. ಹೌದು ಎಂದೆ. ಊಟ ಮುಗಿಸಿ ಎದ್ದ.

ನೀನು ಅಲ್ಲಾಡಲಿಲ್ಲ ಎಂದು ಮತ್ತೆ ಮತ್ತೆ ಬರೆದಿದ್ದೀಯ. ಅಣ್ಣ, ನಾನು ಕ್ಷೌರಿಕ. ಗಿರಾಕಿಯ ಮುಖ ನನ್ನ ಕಣ್ಣಿನಿಂದ ಅಷ್ಟು ಹತ್ತಿರದಲ್ಲಿರುತ್ತದೆ. ಕತ್ತಿ ಕಿವಿಯ ಕೆಳಗೆ ಬಂದಾಗ ನಿನ್ನ ರೆಪ್ಪೆ ಅದುರಿತು. ಗಂಟಲಿನ ಗುಬುಟು ಮೇಲೆ ಕೆಳಗೆ ಆಯಿತು. ಟವೆಲಿನ ಕೆಳಗೆ ನಿನ್ನ ಕೈ ಮೊಣಕಾಲನ್ನು ಗಟ್ಟಿಯಾಗಿ ಹಿಡಿದುಕೊಂಡಿತ್ತು, ಬೆರಳ ಗೆಣ್ಣು ಬಟ್ಟೆಯ ಮೇಲೆ ಕಾಣುತ್ತಿತ್ತು. ನಿನಗೆ ಹೆದರಿಕೆಯಾಗಿತ್ತು. ಅವತ್ತೂ ಆಗಿತ್ತು, ಈ ಸಲವೂ ಆಗಿತ್ತು.

ಆದರೆ ನಿನ್ನ ಕತ್ತು ಅಲ್ಲೇ ಇತ್ತು. ನನ್ನ ಕೈ ನಡುಗಿ ನಿಂತಾಗಲೂ ಅಲ್ಲೇ ಇತ್ತು. ಗೀರು ಬಿದ್ದು ರಕ್ತ ಬಂದ ಮೇಲೂ ಕಿವಿಯ ಕೆಳಗಿನದಕ್ಕೆ ನೀನೇ ಕತ್ತು ತಿರುಗಿಸಿ ಕೊಟ್ಟೆ. ಹೆದರಿಕೆಯೇ ಇಲ್ಲದವನು ಬಂದು ಕೂತಿದ್ದರೆ ನನಗೆ ಅಷ್ಟು ಸಂತೋಷವಾಗುತ್ತಿರಲಿಲ್ಲ. ನೀನು ಹೋದ ಮೇಲೆ ಬಟ್ಟೆಯ ಗಾಡಿಯ ಹಿಂದೆ ನಿಂತು ಅತ್ತೆ, ಮನಸ್ಸು ಹಗುರಾಗುವಷ್ಟು ಅತ್ತೆ.

ನನ್ನ ಕೈಗೆ ನನಗೂ ಹೆದರಿಕೆಯಿದೆ. ನಡುಕ ಹೆಚ್ಚಾದ ದಿನ ಕತ್ತಿ ಮುಟ್ಟುವುದಿಲ್ಲ, ನೆಲ ಗುಡಿಸುತ್ತೇನೆ, ಕೇಳಿದವರಿಗೆ ಯಾಕೆಂದು ಹೇಳುತ್ತೇನೆ. ಆಸ್ಪತ್ರೆಗೆ ಹೋಗುವ ದಿನ ಅಂಗಡಿಯ ಬಾಗಿಲಿನಿಂದಲೇ ಹೊರಡುತ್ತೇನೆ, ಹಿತ್ತಿಲಿನಿಂದಲ್ಲ. ಜನ ಬೆಂಚಿನಲ್ಲಿ ಕೂತು ನಿನ್ನ ಕುರ್ಚಿಗೇ ಕಾದರೆ ಕಾಯಲಿ. ನನ್ನ ಕುರ್ಚಿಯ ಪಕ್ಕ ನಾನು ನಿಂತಿರುತ್ತೇನೆ.

ಶನಿವಾರ ಬೆಳಗಿನ ಬಸ್ಸಿಗೆ ಬರುತ್ತಿದ್ದೇನೆ. ಗಡ್ಡ ಮುಟ್ಟಬೇಡ. ಮಗಳ ಕೂದಲನ್ನೂ ಯಾರೂ ಮುಟ್ಟಬೇಡಿ. ನೀರು ಕಾಯಿಸಿಡಲು ಅತ್ತಿಗೆಗೆ ಹೇಳು, ಕುರ್ಚಿಯ ಮೇಲಿನ ಬಟ್ಟೆಯನ್ನು ನಾನೇ ತೆಗೆಯುತ್ತೇನೆ. ಅಂಗಡಿ ಬಾಗಿಲು ಪೂರ್ತಿ ತೆರೆದೇ ಇರಲಿ, ನೋಡುವವರು ನೋಡಲಿ. ಮತ್ತೆ, ಕೆಮ್ಮು ಬರುವಂತಿದ್ದರೆ ಮುಂಚೆಯೇ ಹೇಳು ಅಣ್ಣ, ಕೈ ತಡೆಯುತ್ತೇನೆ.

ನಿನ್ನ ಕತ್ತರಿ